ಉಪ್ಪು ತೆಗೆಯುವವನ ಒಸಡು

ಬರ್ಕಾದ ಸ್ಥಾವರದಲ್ಲಿ ನನ್ನದು ರಾತ್ರಿ ಪಾಳಿ.
ಕಡಲನ್ನು ಒಳಗೆಳೆದು, ಪರೆಗಳ ನಡುವೆ ಹಿಂಡಿ,
ಉಪ್ಪನ್ನು ಅತ್ತ, ನೀರನ್ನು ಇತ್ತ ಕಳಿಸುತ್ತೇವೆ.
ಒತ್ತಡದ ಮುಳ್ಳು ಕೆಂಪು ಗೆರೆ ದಾಟದಂತೆ
ಕಾಯುವುದು ನನ್ನ ಕೆಲಸ.

ಅವ್ವಿ ಸಾಣಿಕಟ್ಟಾದ ಆಗರದಲ್ಲಿ
ಹಲಗೆ ಹಿಡಿದು ಉಪ್ಪು ಎಳೆದವಳು.
ಅವಳು ನೀರು ಬತ್ತಿಸಿ ಉಪ್ಪು ಉಳಿಸಿದಳು,
ನಾನು ಉಪ್ಪು ತೆಗೆದು ನೀರು ಉಳಿಸುತ್ತೇನೆ.
ಒಂದೇ ಕಡಲು. ಸಂಬಳ ಬೇರೆ.

ಹೋದ ರಂಜಾನಿಗೆ ಮುಂಚೆ ಒಂದು ಬೆಳಿಗ್ಗೆ
ಬೇಸಿನ್ನಿನಲ್ಲಿ ಉಗುಳಿದ್ದು ಗುಲಾಬಿ ಬಣ್ಣ.
ಮರುದಿನ ಕೆಂಪು.
ಹತ್ತು ವರ್ಷ ಹಲ್ಲು ಕಚ್ಚಿ ದುಡಿದಿದ್ದೆ;
ಕಚ್ಚಿದ್ದೇನೋ ಹಲ್ಲು,
ಆ ಹಲ್ಲನ್ನು ಹಿಡಿದುಕೊಂಡದ್ದು ಯಾರೆಂದು
ಆಗ ಗೊತ್ತಾಯಿತು.

ಕಂಪನಿಯ ಕಾರ್ಡಿನಲ್ಲಿ ಜ್ವರ ಬರಬಹುದು, ಎಲುಬು ಮುರಿಯಬಹುದು,
ಹೃದಯವೂ ಒಮ್ಮೆ ನಿಲ್ಲಬಹುದು;
ಹಲ್ಲು ಮಾತ್ರ ನೋಯುವಂತಿಲ್ಲ.

ಫೋನಿನಲ್ಲಿ ಅವ್ವಿ: "ಉಗುರುಬೆಚ್ಚಗಿನ ನೀರಿಗೆ ಉಪ್ಪು ಹಾಕು,
ಮುಕ್ಕಳಿಸು, ನುಂಗಬೇಡ.
ಪೊಟ್ಟಣದ ಉಪ್ಪಾದರೂ ಆದೀತು."
ಕೊನೆಯ ಮಾತಿಗೆ ದನಿ ಸ್ವಲ್ಪ ತಗ್ಗಿತ್ತು.

ಹೀಗೆ ಶುರುವಾಯಿತು:
ರಾತ್ರಿಯಿಡೀ ಉಪ್ಪು ತೆಗೆದ ನೀರಿಗೆ
ಬೆಳಿಗ್ಗೆ ನಾನೇ ಅರ್ಧ ಚಮಚ ಉಪ್ಪು ಹಾಕುವುದು.
ಕೋಣೆಯ ನೂರ್‌ಬಕ್ಷ್ ನಕ್ಕು ಹೊರಳಾಡಿದ:
"ಎರಡೂ ಕೆಲಸಕ್ಕೆ ಓವರ್‌ಟೈಮ್ ಬರೆಸಿಕೋ."

ಗೇಟಿನ ಖಲ್ಫಾನ್ ಮುದುಕ ನನ್ನನ್ನು ಬೂಮಾ ಎನ್ನುತ್ತಾನೆ.
ಬೊಮ್ಮಯ್ಯ ಅವನ ನಾಲಿಗೆಗೆ ಉದ್ದ.
ಬೂಮಾ ಅಂದರೆ ಅವರಲ್ಲಿ ಗೂಬೆ;
ರಾತ್ರಿ ಪಾಳಿಯವನಿಗೆ ತಪ್ಪೇನಿಲ್ಲ.
ಜೇಬಿನಿಂದ ಮಿಸ್ವಾಕ್ ಕಡ್ಡಿ ತೆಗೆದು,
ತುದಿ ಸುಲಿದು, ಜಗಿದು ಕುಂಚ ಮಾಡಿ,
ಬಾಯಿ ತೆರೆದು ತೋರಿಸಿದ:
ಅಡ್ಡಕ್ಕಲ್ಲ, ಒಸಡಿನಿಂದ ಹಲ್ಲಿನ ಕಡೆಗೆ,
ಮಲಗಿದ ಮಗುವಿನ ಹಣೆ ಒರೆಸಿದಷ್ಟು ಮೆಲ್ಲಗೆ.
ಎಪ್ಪತ್ತೆರಡು ವರ್ಷ, ಎಲ್ಲ ಹಲ್ಲೂ ಅವನವೇ.
ಅಜ್ಜ ಜಂಜಿಬಾರಿನಿಂದ ಹಡಗಿನಲ್ಲಿ ತಂದ ಲವಂಗದ ಕಥೆಯನ್ನು
ಒಂದು ಲವಂಗದ ಜೊತೆ ಕೊಟ್ಟ.
ಕಥೆ ಉದ್ದ, ಲವಂಗ ಖಾರ.

ಕ್ಯಾಂಪಿನ ಗೋಡೆಯಾಚೆ ಬೇವಿನ ಸಾಲು,
ಕರಿ ಪೈಪಿನ ಹನಿ ಕುಡಿದು ಬೆಳೆದದ್ದು.
ಎಲೆ ಜಗಿದೆ. ಊರಿನದರಷ್ಟು ಕಹಿಯಿಲ್ಲ ಎನಿಸಿತು;
ನನ್ನ ನಾಲಿಗೆಯೇ ಮೊಂಡಾಗಿದ್ದೀತು.
ತಂಬಾಕಿನ ಪೊಟ್ಟಣ ಎಸೆದೆ. ಎರಡು ಸಲ.
ಎರಡನೆಯ ಸಲ ಕಸದ ತೊಟ್ಟಿ ದೂರದ್ದನ್ನು ಆರಿಸಿದೆ.

ರಕ್ತ ಕಡಿಮೆಯಾಯಿತು. ನಿಲ್ಲಲಿಲ್ಲ.
ಕೆಳಸಾಲಿನ ಒಂದು ಹಲ್ಲು
ನಟ್ಟು ಸಡಿಲಾದ ವಾಲ್ವಿನಂತೆ
ನಾಲಿಗೆ ತಾಗಿದರೂ ಅಲ್ಲಾಡುತ್ತಿತ್ತು.

ಕೊನೆಗೆ ನೂರ್‌ಬಕ್ಷನ ಹದಿನೈದು ರಿಯಾಲ್ ಸಾಲ, ಪೇಟೆಯ ಕ್ಲಿನಿಕ್ಕು.
ಡಾಕ್ಟರಮ್ಮ ಕನ್ನಡಿ ಹಿಡಿದು ತೋರಿಸಿದಳು,
ಹಲ್ಲಿನ ಬುಡದಲ್ಲಿ ಹಳದಿ ಗಾರೆ.
"ಉಪ್ಪುನೀರು ಉರಿ ಇಳಿಸುತ್ತದೆ,
ಕಡ್ಡಿ ಇವತ್ತಿನ ಕೊಳೆ ತೆಗೆಯುತ್ತದೆ.
ಕಲ್ಲಾದದ್ದನ್ನು ನಾವು ಕೆರೆಯಬೇಕು.
ಅದನ್ನೂ ಬಿಡಬೇಡಿ, ಅದನ್ನೇ ನಂಬಬೇಡಿ."

ನನಗೆ ಬಿಡಿಸಿ ಹೇಳಬೇಕಿರಲಿಲ್ಲ.
ನಮ್ಮ ಪರೆಗಳೂ ಹಾಗೆಯೇ;
ಎಷ್ಟು ತೊಳೆದರೂ ಸುಣ್ಣ ಕಟ್ಟುತ್ತದೆ,
ಆಗ ಸಾಲು ನಿಲ್ಲಿಸಿ ಆಮ್ಲ ಹಾಯಿಸುತ್ತೇವೆ.
ಆ ದಿನವನ್ನು ಬೋರ್ಡಿನ ಮೇಲೆ ಬರೆಯುವವನು ನಾನು.
ಯಂತ್ರದ ಬಾಯಿಗೆ ತಪ್ಪದೆ ತಾರೀಖು ಕೊಟ್ಟವನು
ನನ್ನ ಬಾಯಿಗೆ ಹತ್ತು ವರ್ಷ
ಒಂದು ದಿನವನ್ನೂ ಬರೆದಿರಲಿಲ್ಲ.

ಅವಳು ಕೆರೆಯತೊಡಗಿದಾಗ
ತಲೆಬುರುಡೆಯೊಳಗೆ ಗುರುತಿನ ಸದ್ದು:
ಗಟ್ಟಿ ನೆಲದ ಮೇಲೆ ಅವ್ವಿಯ ಹಲಗೆ,
ಎಳೆದು, ನಿಂತು, ಮತ್ತೆ ಎಳೆದು.

ಆ ಹಲ್ಲು ಉಳಿಯುತ್ತದೋ ಇಲ್ಲವೋ, ಅವಳು ಹೇಳಲಿಲ್ಲ.
ಬಾಯಿ ತೊಳೆಯಲು ಕಾಗದದ ಲೋಟ ಕೊಟ್ಟಳು.
ನೀರು ಸಪ್ಪೆ.
ನಮ್ಮದೇ ನೀರು.